ಮನೆಗಿಂತ ಮೊದಲು ನೆರೆಮನೆ

ಕಳೆದ ತಿಂಗಳು ಒಂದು ಸಂಜೆ ನನ್ನ ಕಿರಿಯ ಮಗಳು ಮೊದಲ ಬಾರಿಗೆ ಒಬ್ಬಳೇ ಅಂಗಡಿಗೆ ಹೋದಳು. ಎಂಟು ವರ್ಷದ ಹುಡುಗಿ. ತರಬೇಕಾಗಿದ್ದದ್ದು ಒಂದು ಕಟ್ಟು ಕೊತ್ತಂಬರಿ ಸೊಪ್ಪು, ಆರು ಮೊಟ್ಟೆ. ಅಂಗಡಿ ನಮ್ಮ ಗೇಟಿನಿಂದ ಇನ್ನೂರು ಹೆಜ್ಜೆ ಇರಬಹುದು. ಹೋಗಿ ಬರಲು ಹತ್ತು ನಿಮಿಷ ಸಾಕು. ಇಪ್ಪತ್ತು ನಿಮಿಷ ಕಳೆದರೂ ಅವಳು ಬರಲಿಲ್ಲ. ಮನೆಯವಳು ಗೇಟಿನ ಹತ್ತಿರ ನಿಂತು ನನ್ನ ಮುಖ ನೋಡಿದಳು. ನಾನು ಚಪ್ಪಲಿ ಹಾಕಿ ಹೊರಟೆ.

ಹುಡುಕುವ ಅಗತ್ಯವೇ ಬೀಳಲಿಲ್ಲ. ಎದುರು ಮನೆಯ ಜಗಲಿಯಲ್ಲಿ ಕೂತಿದ್ದ ಅಜ್ಜ, ನಾನು ಕೇಳುವ ಮೊದಲೇ, "ಸಣ್ಣವಳು ಈಗಷ್ಟೇ ಆಚೆ ಹೋದಳು ಉಸ್ತಾದ್ರೇ" ಎಂದರು. ತಿರುವಿನಲ್ಲಿ ಇಸ್ತ್ರಿ ಹಾಕುವವರು, "ಬೆಕ್ಕಿನ ಮರಿ ನೋಡ್ತಾ ನಿಂತಿದ್ದಳು, ನಾನೇ ಬೇಗ ಹೋಗು ಅಂದೆ" ಎಂದರು. ಅಂಗಡಿಯ ಮಾಮ್ ಮೊಟ್ಟೆಯನ್ನು ಎರಡು ಸುತ್ತು ಪೇಪರಿನಲ್ಲಿ ಕಟ್ಟಿ, "ಓಡಬೇಡ, ಒಡೆದರೆ ಉಪ್ಪನ ಹತ್ತಿರ ಬೈಗುಳ ಉಂಟು" ಎಂದು ಹೇಳಿ ಕಳಿಸುತ್ತಾ ಇದ್ದರು. ಮಗಳು ನನ್ನನ್ನು ನೋಡಿ ಮುಖ ಊದಿಸಿದಳು. "ನಾನು ಒಬ್ಬಳೇ ಬರ್ತೇನೆ ಅಂತ ಹೇಳಿದ್ದೆ ಅಲ್ವಾ? ನೀವು ಯಾಕೆ ಬಂದದ್ದು?"

ಆ ದಿನ ರಾತ್ರಿ ಒಂದು ವಿಷಯ ತಲೆಗೆ ಹೊಕ್ಕಿತು. ಇದೇ ಮಂಗಳೂರಿನಲ್ಲಿ ನನ್ನ ಹಿರಿಯ ಮಗಳು ಎಂಟು ವರ್ಷದವಳಿದ್ದಾಗ ಮನೆಯ ಬಾಗಿಲು ದಾಟಿ ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಮಕ್ಕಳಿಬ್ಬರೂ ಒಂದೇ ತಾಯಿ ತಂದೆಯವರು. ಊರೂ ಅದೇ. ಬದಲಾದದ್ದು ನಾವಿದ್ದ ಬೀದಿ ಮಾತ್ರ.

ಮೂರು ಮನೆಗಳ ಕಥೆ

ನಾನು ಬಂಟ್ವಾಳ ತಾಲೂಕಿನ ಹಳ್ಳಿಯವನು. 2004ರಲ್ಲಿ ಮದ್ರಸದ ಕೆಲಸಕ್ಕೆಂದು ಪಟ್ಟಣಕ್ಕೆ ಬಂದಾಗ ಬಂದರಿನ ಕಡೆ ಒಂದು ಅಂಗಡಿಯ ಮಾಳಿಗೆಯಲ್ಲಿ ರೂಮು ಸಿಕ್ಕಿತು. ಬಂದರಿನ ಗಲ್ಲಿಗಳನ್ನು ನೋಡಿದವರಿಗೆ ಗೊತ್ತು: ಬೆಳಗ್ಗಿನಿಂದ ಲಾರಿಗೆ ಮಾಲು ಏರಿಸುವವರ ಕೂಗು, ಮೆಣಸು, ಕೊಬ್ಬರಿ, ಒಣಮೀನಿನ ವಾಸನೆ, ಧಕ್ಕೆಗೆ ಓಡುವ ಟೆಂಪೋಗಳು. ಒಬ್ಬಂಟಿ ಗಂಡಸಿಗೆ ಅದೂ ಒಂದು ಚಂದವೇ. ಊಟಕ್ಕೆ ಹೋಟೆಲು, ನಮಾಝಿಗೆ ಮಸೀದಿ, ಊರಿಗೆ ಹೋಗಲು ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್, ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಆದರೆ ಹೆಂಡತಿ ಮಕ್ಕಳನ್ನು ಕರೆತರುವ ಜಾಗ ಅದಾಗಿರಲಿಲ್ಲ.

2017ರಲ್ಲಿ ಕುಟುಂಬವನ್ನು ಕರೆತಂದೆ. ಹೆದ್ದಾರಿ ಬದಿಯಲ್ಲಿ, ಪಂಪ್‌ವೆಲ್‌ನಿಂದ ಸ್ವಲ್ಪ ಆಚೆ, ನಾಲ್ಕನೇ ಮಹಡಿಯ ಫ್ಲ್ಯಾಟ್. ಪಂಪ್‌ವೆಲ್ ಮೇಲ್ಸೇತುವೆ ಆಗ ಇನ್ನೂ ಮುಗಿದಿರಲಿಲ್ಲ. ಅದು ತೆರೆದದ್ದು 2020ರಲ್ಲಿ. ಫ್ಲ್ಯಾಟಿಗೆ ಸುಮ್ಮನೆ ದೂರು ಹೇಳಬಾರದು. ಲಿಫ್ಟ್ ಇತ್ತು, ವಾಚ್‌ಮನ್ ಇದ್ದ, ನಲ್ಲಿಯಲ್ಲಿ ನೀರು ನಿಲ್ಲುತ್ತಿರಲಿಲ್ಲ, ನೆಲಕ್ಕೆ ಬಿಳಿ ಟೈಲ್ಸ್. ಊರಿಂದ ಬಂದ ಸಂಬಂಧಿಕರು "ಉಸ್ತಾದ್ ಒಳ್ಳೆ ಮನೆ ಮಾಡಿದ್ರು" ಎಂದು ಹೊಗಳಿ ಹೋದರು.

ಆ ಮನೆಯಲ್ಲಿ ಏನು ಇರಲಿಲ್ಲ ಎಂಬುದು ನನಗೆ ತಿಳಿದದ್ದು ನನ್ನ ಉಮ್ಮನಿಂದ.

ಉಮ್ಮ ಹತ್ತು ದಿನಕ್ಕೆಂದು ಬಂದಿದ್ದರು. ಒಂದು ಮಧ್ಯಾಹ್ನ ಮೆಣಸು ಒಣಗಿಸಲು ಟೆರೇಸಿಗೆ ಹೋದರು. ಇಳಿದು ಬರುವಾಗ ಮಹಡಿ ತಪ್ಪಿತು. ಎಲ್ಲ ಮಹಡಿಯಲ್ಲೂ ಒಂದೇ ಬಣ್ಣದ ಬಾಗಿಲು, ಒಂದೇ ಥರದ ಮ್ಯಾಟು. ಉಮ್ಮನಿಗೆ ಅಂಕಿ ಓದಲು ಬರುವುದಿಲ್ಲ. ಒಂದು ಬೆಲ್ ಒತ್ತಿದರು, ಯಾರೂ ತೆರೆಯಲಿಲ್ಲ. ಇನ್ನೊಂದು ಒತ್ತಿದರು. ಒಳಗಿನಿಂದಲೇ ಯಾರೋ "ಬೇಡ, ಬೇಡ, ಮುಂದೆ ಹೋಗಿ" ಎಂದರಂತೆ. ಏನೋ ಮಾರಲು ಬಂದವರು ಅಥವಾ ಸಹಾಯ ಕೇಳಲು ಬಂದವರು ಎಂದು ತಿಳಿದಿರಬೇಕು. ಮೂರನೇ ಬೆಲ್ ಒತ್ತಲು ಉಮ್ಮನಿಗೆ ಮನಸ್ಸು ಬರಲಿಲ್ಲ. ಮಗಳನ್ನು ಶಾಲೆಯಿಂದ ಕರೆದುಕೊಂಡು ಮನೆಯವಳು ಬರುವ ತನಕ, ಒಂದೂವರೆ ಗಂಟೆ, ಮೆಟ್ಟಿಲಲ್ಲಿ ಕೂತಿದ್ದರು.

ಅವರು ಅಳಲಿಲ್ಲ, ಬೈಯಲೂ ಇಲ್ಲ. ರಾತ್ರಿ ಊಟಕ್ಕೆ ಕೂತಾಗ ಹೇಳಿದ್ದು ಇಷ್ಟೇ: "ಮಗಾ, ಇಲ್ಲಿ ಬಾಗಿಲು ತುಂಬ ಉಂಟು. ಮನೆ ಒಂದೂ ಕಾಣಲಿಲ್ಲ." ನಾಲ್ಕನೇ ದಿನಕ್ಕೆ ಬಸ್ಸು ಹತ್ತಿದರು.

ಆ ಬಾಗಿಲು ತೆರೆಯದವರನ್ನು ನಾನು ದೂರುವುದಿಲ್ಲ. ಒಂದೂವರೆ ವರ್ಷದಿಂದ ನಾನು ಅದೇ ಕಟ್ಟಡದಲ್ಲಿದ್ದೆ. ಅವರ ಹೆಸರು ನನಗೂ ಗೊತ್ತಿರಲಿಲ್ಲ. ಅವರ ಉಮ್ಮ ನಮ್ಮ ಬೆಲ್ ಒತ್ತಿದ್ದರೆ ನಾವು ತೆರೆಯುತ್ತಿದ್ದೆವಾ? ಖಂಡಿತ ಎಂದು ಹೇಳುವ ಧೈರ್ಯ ನನಗಿಲ್ಲ.

"ಮನೆ ನಿನ್ನೆಯೇ ಹೋಯ್ತು ಮಾರ್ರೆ"

ಅರಬಿಯಲ್ಲಿ ಒಂದು ಗಾದೆ ಉಂಟು: ಅಲ್ ಜಾರ್ ಕಬ್ಲದ್ದಾರ್. ಮನೆಗಿಂತ ಮೊದಲು ನೆರೆಮನೆ ಎಂದು ಅರ್ಥ. ಮನೆ ಹಿಡಿಯುವ ಮೊದಲು ಪಕ್ಕದಲ್ಲಿ ಯಾರಿದ್ದಾರೆ ನೋಡು ಎಂಬ ಬುದ್ಧಿಮಾತು. ಮಕ್ಕಳಿಗೆ ನೆರೆಯವರ ಹಕ್ಕಿನ ಪಾಠ ಮಾಡುವಾಗ ಇದನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ನಾನೇ ಮನೆ ಹಿಡಿಯುವಾಗ ಮಾತ್ರ ಟೈಲ್ಸ್ ನೋಡಿದ್ದೆ, ಲಿಫ್ಟ್ ನೋಡಿದ್ದೆ, ಗಾದೆ ಮರೆತಿದ್ದೆ.

ಹಾಗೆ ಮತ್ತೆ ಮನೆ ಹುಡುಕಲು ಹೊರಟೆ. ಈ ಸಲ ಒಳರಸ್ತೆಗಳಲ್ಲಿ. ಅಲ್ಲಿ ಇನ್ನೊಂದು ಪಾಠ ಕಾದಿತ್ತು. 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ನೋಡಿ ಫೋನ್ ಮಾಡುವುದು. ಮಾತು ಚೆನ್ನಾಗಿಯೇ ಶುರುವಾಗುವುದು. ಎಷ್ಟು ಜನ, ಎಲ್ಲಿ ಕೆಲಸ, ಗಾಡಿ ಉಂಟಾ. ಕೊನೆಗೆ, "ಹೆಸರು ಎಂತ ಹೇಳಿದ್ರಿ?" ನಾನು ಹೆಸರು ಹೇಳುತ್ತಿದ್ದೆ. "ಓ... ಆ ಮನೆ ನಿನ್ನೆಯೇ ಹೋಯ್ತು ಮಾರ್ರೆ." ವಾರದ ನಂತರ ಅದೇ ದಾರಿಯಲ್ಲಿ ಹೋದರೆ ಬೋರ್ಡು ಅಲ್ಲೇ ನೇತಾಡುತ್ತಿತ್ತು. ಹೀಗೆ ಐದಾರು ಕಡೆ ಆಯಿತು.

ಇದನ್ನು ಬರೆಯುವುದು ಯಾರನ್ನೂ ಹಂಗಿಸಲಿಕ್ಕಲ್ಲ. ಯಾಕೆಂದರೆ ನಮ್ಮ ಕಡೆಯ ಲೆಕ್ಕವೂ ಶುದ್ಧವಿಲ್ಲ. ನಮ್ಮವರೇ ಹೆಚ್ಚಿರುವ ಮೊಹಲ್ಲಾದಲ್ಲಿ ಬೇರೆಯವರು ಮನೆ ಕೇಳಿ ಬಂದರೆ ನಾವು ಎಷ್ಟು ಮಂದಿ ಸಂತೋಷದಿಂದ ಬೀಗದ ಕೈ ಕೊಡುತ್ತೇವೆ? "ಅವರಿಗೆ ಇಲ್ಲಿ ಸರಿಹೊಂದಲಿಕ್ಕಿಲ್ಲ" ಎಂದು ನಾವೂ ನಯವಾಗಿ ಹೇಳಿ ಕಳಿಸಿಲ್ಲವಾ? ಹೀಗೆ ಎಲ್ಲರೂ ಎಲ್ಲರನ್ನೂ ನಯವಾಗಿ ಕಳಿಸಿ ಕಳಿಸಿ, ಮಂಗಳೂರಿನಲ್ಲಿ ಒಬ್ಬರ ಅಡುಗೆಮನೆಯ ವಾಸನೆ ಇನ್ನೊಬ್ಬರಿಗೆ ತಿಳಿಯದ ಬೀದಿಗಳು ಹೆಚ್ಚುತ್ತಾ ಇವೆ. ಬೀದಿ ಶಾಂತವಾಗಿದೆ ಎಂದು ಹೊರಗಿನಿಂದ ಅನಿಸಬಹುದು. ಪರಿಚಯವೇ ಇಲ್ಲದ ಕಡೆ ಜಗಳವೂ ಇರುವುದಿಲ್ಲ, ಅಷ್ಟೇ. ಅದಕ್ಕೆ ಶಾಂತಿ ಎಂದು ಹೇಳಲಿಕ್ಕೆ ಆಗುವುದಿಲ್ಲ.

ಕೊನೆಗೆ 2019ರಲ್ಲಿ ಜಪ್ಪು, ಮೋರ್ಗನ್ಸ್‌ಗೇಟ್ ಕಡೆಯ ಒಂದು ಒಳರಸ್ತೆಯಲ್ಲಿ ಮನೆ ಸಿಕ್ಕಿತು. ದೊಡ್ಡ ಹಂಚಿನ ಮನೆಯ ಹಿಂದೆ ಎರಡು ಕೋಣೆಯ ಔಟ್‌ಹೌಸ್. ಮನೆಯೊಡತಿ ಒಬ್ಬರು ನಿವೃತ್ತ ಟೀಚರ್, ಕ್ರಿಶ್ಚಿಯನರು. ಗಂಡ ತೀರಿಹೋಗಿದ್ದರು, ಮಕ್ಕಳು ಹೊರದೇಶದಲ್ಲಿ. ನಾನು ಹೆಸರನ್ನು ಮೊದಲೇ ಹೇಳಿದೆ, ಬೋರ್ಡು ನೇತಾಡುವ ಆಟ ಸಾಕಾಗಿತ್ತು. ಅವರು ಕನ್ನಡಕದ ಮೇಲಿಂದ ನೋಡಿ ಒಂದೇ ಪ್ರಶ್ನೆ ಕೇಳಿದರು.

"ಮಕ್ಕಳು ಗಲಾಟೆ ಮಾಡ್ತಾರಾ?"

ಸುಳ್ಳು ಹೇಳುವುದು ಬೇಡ ಅನಿಸಿತು. "ಮಾಡ್ತಾರೆ ಟೀಚರ್, ಒಮ್ಮೊಮ್ಮೆ ಜಾಸ್ತಿಯೇ."

"ಹಾಗಾದರೆ ಬನ್ನಿ. ಈ ಕಂಪೌಂಡಿನಲ್ಲಿ ಗಲಾಟೆ ಕೇಳದೆ ಹತ್ತು ವರ್ಷ ಆಯ್ತು."

ಒಂದು ಬೀದಿ ತಂಪಾಗಿರುವುದು ಹೇಗೆ?

ಈ ಬೀದಿಯಲ್ಲಿ ಅಂಥದ್ದು ಏನುಂಟು ಎಂದು ಕೇಳಿದರೆ, ಹೊರಗಿನವರಿಗೆ ಏನೂ ಕಾಣಲಿಕ್ಕಿಲ್ಲ. ಮಾಲ್ ಇಲ್ಲ, ಪಾರ್ಕ್ ಇಲ್ಲ. ಇಲ್ಲಿರುವುದು ಹಳೆ ಕಾಲದ ಸಣ್ಣ ಸಣ್ಣ ಏರ್ಪಾಡುಗಳು.

ಮೊದಲನೆಯದು, ಈ ರಸ್ತೆ ಎಲ್ಲಿಗೂ ಹೋಗುವುದಿಲ್ಲ. ಕೊನೆಯಲ್ಲಿ ಒಂದು ತೋಡು, ಅದರಾಚೆ ಗೋಡೆ. ಹಾಗಾಗಿ ಇಲ್ಲಿಗೆ ಕೆಲಸ ಇದ್ದವರು ಮಾತ್ರ ಬರುತ್ತಾರೆ. ಟ್ರಾಫಿಕ್ ತಪ್ಪಿಸಲು ಅಡ್ಡದಾರಿ ಹಿಡಿಯುವ ಗಾಡಿಗಳು ಇತ್ತ ತಲೆ ಹಾಕುವುದಿಲ್ಲ. ಮಧ್ಯದಲ್ಲಿ ಒಂದು ಮೊಣಕೈ ತಿರುವು. ಎಂಥ ಬೈಕ್ ಹುಡುಗನೂ ಅಲ್ಲಿ ಬ್ರೇಕ್ ಒತ್ತಲೇಬೇಕು. ಎರಡು ಕಾರು ಎದುರಾದರೆ ಒಂದು ಹಿಂದೆ ಸರಿಯಬೇಕು. ರಸ್ತೆ ಅಗಲವಾದರೆ ಒಳ್ಳೆಯದು ಎಂದು ನಾವೆಲ್ಲ ಅರ್ಜಿ ಕೊಡುತ್ತೇವೆ. ಮಕ್ಕಳು ಆಡುವ ಒಳರಸ್ತೆಗೆ ಅಗಲಕ್ಕಿಂತ ಈ ತಿರುವೇ ದೊಡ್ಡ ರಕ್ಷಣೆ.

ಎರಡನೆಯದು ಜಗಲಿ ಮತ್ತು ಗಿಡ್ಡ ಗೋಡೆ. ಈ ಜಪ್ಪುವಿನಲ್ಲೇ 1865ರಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದ್ದು. ನೇತ್ರಾವತಿಯ ಆವೆಮಣ್ಣು ಇಲ್ಲೇ ಹತ್ತಿರ ಸಿಗುತ್ತಿತ್ತು. ಹಾಗೆ ಈ ಕಡೆಯ ಹಳೆ ಮನೆಗಳೆಲ್ಲ ಕೆಂಪುಕಲ್ಲಿನ ಗೋಡೆ, ಇಳಿಜಾರು ಹಂಚಿನ ಮಾಡು, ಮುಂದೆ ಉದ್ದದ ಜಗಲಿ. ಮಂಗಳೂರಿನ ಮಳೆಗೆ ಗೋಡೆ ಒದ್ದೆಯಾಗದಂತೆ ಮಾಡನ್ನು ಮುಂದಕ್ಕೆ ಇಳಿಸಿದ್ದಾರೆ, ಅದರ ಅಡಿ ಕೂರಲು ಜಾಗ ಆಗಿದೆ. ಸಂಜೆ ಅಲ್ಲಿ ಕೂತವರಿಗೆ ರಸ್ತೆ ಕಾಣುತ್ತದೆ, ಯಾಕೆಂದರೆ ಕಂಪೌಂಡು ಗೋಡೆ ಎದೆಯ ಎತ್ತರ ಮಾತ್ರ. ನನ್ನ ಮಗಳನ್ನು ಅಂಗಡಿಯ ತನಕ ಕಾದದ್ದು ಈ ಜಗಲಿಗಳೇ. ಸಿಸಿ ಕ್ಯಾಮರಾ ನಡೆದದ್ದನ್ನು ನಾಳೆ ತೋರಿಸುತ್ತದೆ. ಜಗಲಿಯ ಅಜ್ಜ ಆಗಲೇ ಕರೆದು, "ಬೇಗ ಹೋಗು" ಎನ್ನುತ್ತಾರೆ.

ಮೂರನೆಯದು, ಬೇಕಾದದ್ದೆಲ್ಲ ಕಾಲ್ನಡಿಗೆಯ ದೂರದಲ್ಲಿರುವುದು. ಗೂಡಂಗಡಿ, ಜಪ್ಪು ಮಾರ್ಕೆಟ್, ಸಿಟಿ ಬಸ್ಸು, ಶಾಲೆ, ಸಣ್ಣ ಕ್ಲಿನಿಕ್. ಮನೆಯವಳಿಗೆ ಸ್ಕೂಟರ್ ಬರುವುದಿಲ್ಲ. ಹೆದ್ದಾರಿ ಬದಿಯಲ್ಲಿದ್ದಾಗ ಒಂದು ಪಾಕೆಟ್ ಹಾಲಿಗೂ ನನ್ನ ದಾರಿ ಕಾಯಬೇಕಿತ್ತು. ಇಲ್ಲಿ ಅವಳ ಕೆಲಸ ಅವಳೇ ಮುಗಿಸಿ ಬರುತ್ತಾಳೆ. ಒಂದು ಬೀದಿ ಕುಟುಂಬಕ್ಕೆ ಒಳ್ಳೆಯದಾ ಎಂದು ಗಂಡಸರನ್ನು ಕೇಳಿದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಹಗಲಿಡೀ ಅಲ್ಲಿರುವುದು ಹೆಂಗಸರು, ಮಕ್ಕಳು, ವಯಸ್ಸಾದವರು.

ನಾಲ್ಕನೆಯದು ಮರಗಳು. ಎರಡು ಹಲಸು, ಒಂದು ದೊಡ್ಡ ಮಾವು, ಬಾವಿಕಟ್ಟೆಯ ಹತ್ತಿರ ಬಿಂಬಳಿ. ಏಪ್ರಿಲ್ ಬಿಸಿಲಿಗೆ ಹೆದ್ದಾರಿಯಿಂದ ನಮ್ಮ ತಿರುವಿಗೆ ಬಂದರೆ ಯಾರೋ ತಲೆಗೆ ಒದ್ದೆ ಬಟ್ಟೆ ಹಾಕಿದ ಹಾಗೆ ಆಗುತ್ತದೆ.

ಶಾಂತ ಎಂದರೆ ಸದ್ದಿಲ್ಲದ್ದು ಎಂದಲ್ಲ

ನಮ್ಮ ಬೀದಿಯಲ್ಲಿ ಸದ್ದು ಧಾರಾಳ ಉಂಟು. ಬೆಳಗ್ಗೆ ದೂರದ ಬಾಂಗು, ಆಮೇಲೆ ಇಗರ್ಜಿಯ ಗಂಟೆ, ಮಂಗಳಾದೇವಿ ಕಡೆಯಿಂದ ಗಾಳಿ ಬಂದರೆ ದೇವಸ್ಥಾನದ ವಾದ್ಯ. ಏಳು ಗಂಟೆಗೆ ಎಲ್ಲ ಅಡುಗೆಮನೆಯ ಮಿಕ್ಸಿ. ಒಂಬತ್ತಕ್ಕೆ ಮೀನಿನವರ ಹಾರ್ನ್. "ಬೂತಾಯಿ, ಬಂಗುಡೆ" ಎಂಬ ಕೂಗಿಗೆ ಬೆಕ್ಕುಗಳೂ ಹಾಜರು. ಗೇಟಿನಿಂದ ಗೇಟಿಗೆ ತುಳುವಿನಲ್ಲಿ ಮಾತು, ಮನೆಯೊಳಗೆ ಕೊಂಕಣಿ, ಬ್ಯಾರಿ, ಕನ್ನಡ. ಇದೇ ಊರಿಗೆ ಒಬ್ಬರು ಕುಡ್ಲ ಎನ್ನುತ್ತಾರೆ, ಒಬ್ಬರು ಕೊಡಿಯಾಲ್, ನಮ್ಮ ಮನೆಯಲ್ಲಿ ಮೈಕಾಲ. ಈ ಯಾವ ಸದ್ದಿಗೂ ಮಗು ಎಚ್ಚರಾಗುವುದಿಲ್ಲ. ಯಾಕೆಂದರೆ ಇದು ಗೊತ್ತಿರುವವರ ಸದ್ದು.

ನಿದ್ದೆ ಕೆಡಿಸುವುದು ಬೇರೆ ಸದ್ದು: ಇನ್ನೊಬ್ಬರ ಗೊಡವೆಯೇ ಇಲ್ಲದೆ ಎಬ್ಬಿಸುವ ಸದ್ದು. ಇದಕ್ಕೆ ಸರ್ಕಾರದ ನಿಯಮವೇ ಉಂಟು. 2000ದ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಎಂದರೆ 10ರಿಂದ ಬೆಳಗ್ಗೆ 6. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ನಿಯಮ ಪುಸ್ತಕದಲ್ಲಿ ಉಂಟು. ಪಾಲಿಸಬೇಕಾದವರು ನಾವು.

ಇಲ್ಲಿಯೂ ನಮ್ಮ ಮಾತನ್ನೇ ಮೊದಲು ಹೇಳಬೇಕು. ಮದುವೆಯ ಹಿಂದಿನ ರಾತ್ರಿ ಹನ್ನೊಂದರ ನಂತರವೂ ಸ್ಪೀಕರ್. ರಂಝಾನಿನ ರಾತ್ರಿ ತರಾವೀಹ್ ಮುಗಿಸಿ ಬೈಕಿನ ಸೈಲೆನ್ಸರ್ ಬಿಚ್ಚಿ ಓಡಿಸುವ ನಮ್ಮ ಹುಡುಗರು. ಜುಮಾ ದಿನ ಯಾರ ಗೇಟು ಎಂದು ನೋಡದೆ ನಿಲ್ಲಿಸುವ ಕಾರುಗಳು. ಒಂದು ಪೆರ್ನಾಳಿನ ದಿನ ನಮ್ಮ ಮನೆಗೆ ಬಂದ ನೆಂಟರೊಬ್ಬರ ಕಾರು ಎದುರು ಮನೆಯ ಗೇಟಿಗೆ ಅಡ್ಡವಾಗಿತ್ತು. ಆ ಮನೆಯ ಅಜ್ಜನಿಗೆ ಅದೇ ಹೊತ್ತಿಗೆ ಎದೆನೋವು. ಅವರ ಮಗ ಕೂಗಾಡಲಿಲ್ಲ, ನಮ್ಮ ಬಾಗಿಲಿಗೆ ಬಂದು, "ಗಾಡಿ ಸ್ವಲ್ಪ ತೆಗಿಬಹುದಾ?" ಎಂದ. ನೆಂಟರು ಊಟದ ಕೈಯಲ್ಲೇ ಓಡಿದರು. ಅಜ್ಜ ಆಸ್ಪತ್ರೆಯಿಂದ ನಾಲ್ಕು ದಿನದಲ್ಲಿ ವಾಪಸ್ ಬಂದರು. ಮಗಳು ಅಂಗಡಿಗೆ ಹೋದ ದಿನ ಜಗಲಿಯಲ್ಲಿ ಕೂತಿದ್ದದ್ದು ಅವರೇ. ಆದರೆ ಆ ಎರಡು ನಿಮಿಷ ನನಗೆ ಇವತ್ತಿಗೂ ನೆನಪಾಗುತ್ತದೆ. ಅಂದಿನಿಂದ ನಮ್ಮ ಮನೆಗೆ ಬರುವವರಿಗೆ ಬಿರಿಯಾನಿಗಿಂತ ಮೊದಲು ಪಾರ್ಕಿಂಗ್ ಜಾಗ ತೋರಿಸುತ್ತೇನೆ.

ಕಷ್ಟದ ದಿನದ ಪರೀಕ್ಷೆ

ಬೀದಿಯ ನಿಜವಾದ ಗುಣ ತಿಳಿದದ್ದು 2020ರ ಲಾಕ್‌ಡೌನಿನಲ್ಲಿ. ಮದ್ರಸ ಮುಚ್ಚಿತು. ಮಕ್ಕಳ ಫೀಸಿಲ್ಲ, ಜಮಾಅತಿನವರಿಗೂ ಕಷ್ಟ, ನಮ್ಮ ಸಂಬಳ ಅರ್ಧಕ್ಕೆ ಬಂತು. ಉಸ್ತಾದರುಗಳು ಕೈ ಚಾಚುವುದು ಕಡಿಮೆ, ಹಸಿದರೂ ಹೇಳುವುದಿಲ್ಲ. ಅಂಗಡಿಯ ಮಾಮ್ ಏನೂ ಕೇಳದೆ ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ಕೊಟ್ಟರು. ಬಾಡಿಗೆ ಕೊಡಲು ಹೋದಾಗ ಟೀಚರ್, "ಇದು ಮಳೆ ಕಳೆದ ಮೇಲೆ ನೋಡುವಾ" ಎಂದು ಎರಡು ತಿಂಗಳ ಹಣ ಹಿಂದೆ ಕೊಟ್ಟರು. ಅವರಿಗೆ ಔಷಧಿ, ಹಾಲು, ತರಕಾರಿ ತಂದು ಗೇಟಿಗೆ ತೂಗಿಸುವ ಕೆಲಸ ನನ್ನ ಹಿರಿಯ ಮಗಳದ್ದು. ಯಾರು ಯಾರಿಗೆ ಸಹಾಯ ಮಾಡಿದರು ಎಂಬ ಲೆಕ್ಕ ಆಮೇಲೆ ಸಿಗಲೇ ಇಲ್ಲ.

ಈಗ ಉಮ್ಮ ಊರಿನಿಂದ ಬಂದರೆ ಹತ್ತು ದಿನ ಎಂದು ಬಂದವರು ತಿಂಗಳು ನಿಲ್ಲುತ್ತಾರೆ. ಸಂಜೆ ಟೀಚರ ಜಗಲಿಯಲ್ಲಿ ಇಬ್ಬರೂ ಕೂರುತ್ತಾರೆ. ಒಬ್ಬರದ್ದು ಕೊಂಕಣಿ, ಒಬ್ಬರದ್ದು ಬ್ಯಾರಿ, ನಡುವೆ ತುಳು. ಕ್ರಿಸ್‌ಮಸಿಗೆ ಕುಸ್ವಾರಿನ ಡಬ್ಬ ನಮ್ಮ ಕಡೆ ಬರುತ್ತದೆ, ಪೆರ್ನಾಳಿಗೆ ಪತ್ತಿರ್ ಆ ಕಡೆ ಹೋಗುತ್ತದೆ. ಖಾಲಿ ಪಾತ್ರೆ ಹಿಂದೆ ಕೊಡಬಾರದು ಎಂಬುದು ಇಬ್ಬರ ಮನೆಯಲ್ಲೂ ಇರುವ ಕಟ್ಟಳೆ. ಹಾಗಾಗಿ ಆ ಡಬ್ಬಗಳು ಸುತ್ತುತ್ತಲೇ ಇರುತ್ತವೆ.

ಮನೆ ಹಿಡಿಯುವ ಮೊದಲು

ಮನೆ ಹುಡುಕುವವರಿಗೆ ನನ್ನ ಅನುಭವದಿಂದ ನಾಲ್ಕು ಮಾತು. ಮನೆಯನ್ನು ಒಂದು ಸಲ ನೋಡಿದರೆ ಸಾಕು, ಬೀದಿಯನ್ನು ಮೂರು ಸಲ ನೋಡಿ. ಬೆಳಗ್ಗೆ ಆರೂವರೆಗೆ ಹೋಗಿ. ಮಕ್ಕಳು ನಡೆದುಕೊಂಡು ಮದ್ರಸಕ್ಕೆ, ಟ್ಯೂಶನ್ನಿಗೆ ಹೋಗುವುದು ಕಾಣುತ್ತದಾ? ಸಂಜೆ ಐದಕ್ಕೆ ಹೋಗಿ. ರಸ್ತೆಯಲ್ಲಿ ಸೈಕಲ್, ಚೆಂಡು ಉಂಟಾ? ವಯಸ್ಸಾದವರು ಹೊರಗೆ ಕೂತಿದ್ದಾರಾ? ರಾತ್ರಿ ಒಂಬತ್ತೂವರೆಗೆ ಹೋಗಿ. ಕೆಲಸ ಮುಗಿಸಿದ ಹೆಂಗಸರು ಬಸ್ಸಿಳಿದು ಹೆದರದೆ ನಡೆದು ಬರುತ್ತಾರಾ? ಬೀದಿದೀಪ ಉರಿಯುತ್ತದಾ?

ಸಾಧ್ಯವಾದರೆ ಜೂನ್ ಜುಲೈಯಲ್ಲಿ ನೋಡಿ. ಮಂಗಳೂರಿನಲ್ಲಿ ಮನೆಯ ಗುಟ್ಟನ್ನು ಮಳೆ ಹೇಳುತ್ತದೆ. ತೋಡು ಎಲ್ಲಿ ಉಂಟು, ಅದರ ಮೇಲೆ ಯಾರು ಕಟ್ಟಿದ್ದಾರೆ, ನೀರು ಯಾವ ಅಂಗಳಕ್ಕೆ ನುಗ್ಗುತ್ತದೆ ಎಂದು ಬೇಸಗೆಯಲ್ಲಿ ತಿಳಿಯುವುದಿಲ್ಲ. ಹತ್ತಿರದ ಅಂಗಡಿಯಲ್ಲಿ ಒಂದು ಚಾ ಕುಡಿದು, "ಈ ಮನೆಯಲ್ಲಿ ಮೊದಲು ಇದ್ದವರು ಯಾಕೆ ಹೋದರು?" ಎಂದು ಕೇಳಿ. ಬ್ರೋಕರ್ ಹೇಳದ್ದು ಅಲ್ಲಿ ಸಿಗುತ್ತದೆ.

ಮುಖ್ಯವಾಗಿ, ಪಕ್ಕದ ಮನೆಯ ಬೆಲ್ ಒತ್ತಿ. ಮನೆ ಹಿಡಿಯುವ ಮೊದಲೇ. ಬಾಗಿಲು ತೆರೆಯುವ ರೀತಿಯಲ್ಲೇ ಅರ್ಧ ತೀರ್ಮಾನ ಆಗುತ್ತದೆ.

ನಾಳೆ ಏನಾಗುತ್ತದೆ?

ಇಷ್ಟು ಹೇಳಿ ನಿಲ್ಲಿಸಿದರೆ ಚಂದ ಇತ್ತು. ಆದರೆ ನಾವು ಬಂದಾಗ ಈ ರಸ್ತೆಯಲ್ಲಿ ಹನ್ನೆರಡು ಹಂಚಿನ ಮನೆಗಳಿದ್ದವು. ಈಗ ಎಂಟು. ಹೋದ ನಾಲ್ಕರ ಜಾಗದಲ್ಲಿ ಎರಡು ಅಪಾರ್ಟ್‌ಮೆಂಟ್. ಕಳೆದ ವರ್ಷ ಟೀಚರ ಹತ್ತಿರವೂ ಬಿಲ್ಡರ್ ಕಡೆಯವರು ಬಂದಿದ್ದರು. ಜಾಗ ಕೊಡಿ, ಕಟ್ಟಡದಲ್ಲಿ ಇಂತಿಷ್ಟು ಫ್ಲ್ಯಾಟ್ ನಿಮಗೆ ಎಂಬ ಮಾತು. ಹೊರದೇಶದಲ್ಲಿರುವ ಮಕ್ಕಳಿಗೆ ಅದು ಸರಿ ಕಾಣುತ್ತದೆ. ಎಪ್ಪತ್ತೆಂಟರ ಅಮ್ಮ ಒಬ್ಬರೇ ಹಳೆ ಮನೆಯಲ್ಲಿ, ಪ್ರತಿ ವರ್ಷ ಮಾಡಿನ ರಿಪೇರಿ, ಪಕ್ಕಾಸಿಗೆ ಗೆದ್ದಲು, ಜಾರುವ ಅಂಗಳ. ಅವರ ಚಿಂತೆ ತಪ್ಪಲ್ಲ.

ಫ್ಲ್ಯಾಟ್ ಕಟ್ಟಬಾರದು ಎಂದು ನಾನು ಹೇಳುವುದಿಲ್ಲ. ಊರು ಬೆಳೆಯುತ್ತದೆ, ಜನರಿಗೆ ಮನೆ ಬೇಕು, ನನ್ನಂಥ ಬಾಡಿಗೆಯವರಿಗೂ ಬೇಕು. ಹನ್ನೊಂದು ತಿಂಗಳ ಎಗ್ರಿಮೆಂಟಿನವನಿಗೆ ಈ ವಿಷಯದಲ್ಲಿ ಮಾತಾಡುವ ಹಕ್ಕೂ ಇಲ್ಲ. ಆದರೆ ಕಟ್ಟುವವರು, ಕೊಳ್ಳುವವರು ಕೆಲವು ಸಣ್ಣ ವಿಷಯ ನೋಡಬಹುದಲ್ಲ? ನೆಲಮಹಡಿ ಇಡೀ ಕಾರಿಗೇ ಬಿಡದೆ ಮುಂದೆ ಒಂದು ಉದ್ದದ ಕಲ್ಲುಬೆಂಚು. ರಸ್ತೆ ಕಾಣದ ಹಾಗೆ ಎಂಟಡಿ ಗೋಡೆ ಎಬ್ಬಿಸದಿರುವುದು. ಇರುವ ಹಲಸಿನ ಮರವನ್ನು ಕಡಿಯದೆ ಪ್ಲ್ಯಾನ್ ಮಾಡುವುದು. ಬಾವಿಯನ್ನು ಮುಚ್ಚದಿರುವುದು. ತೋಡಿನ ದಾರಿ ಬಿಡುವುದು. ಮಹಾನಗರ ಪಾಲಿಕೆಯಲ್ಲಿ 60 ವಾರ್ಡುಗಳಿವೆ, ವಾರ್ಡ್ ಸಮಿತಿ ಎಂಬುದೂ ಕಾನೂನಿನಲ್ಲಿದೆ. ಜಮಾಅತಿನ ಮೀಟಿಂಗಿಗೆ ತಪ್ಪದೆ ಹೋಗುವ ನಾವು ವಾರ್ಡಿನ ಸಭೆಯಲ್ಲೂ ಒಂದು ಕುರ್ಚಿ ತುಂಬಬೇಕು. ತೋಡು, ದೀಪ, ಫುಟ್‌ಪಾತ್‌ನ ವಿಷಯದಲ್ಲಿ ಎಲ್ಲ ಜಾತಿಯವರ ಅರ್ಜಿಯೂ ಒಂದೇ ಇರುತ್ತದೆ.

ಟೀಚರ್ ಬಿಲ್ಡರಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಕಳೆದ ವಾರ ಎಗ್ರಿಮೆಂಟ್ ಹೊಸದು ಮಾಡಲು ಹೋದಾಗ ಸಹಿ ಹಾಕುತ್ತಾ, "ಹನ್ನೊಂದು ತಿಂಗಳು ನಾನೂ ಇರ್ತೇನೆ ಅಂತ ಇಟ್ಟುಕೊಳ್ಳುವಾ ಉಸ್ತಾದ್ರೇ" ಎಂದು ನಕ್ಕರು. ನನಗೆ ನಗಲು ಆಗಲಿಲ್ಲ.

ಮೊನ್ನೆ ಆ ಹೊಸ ಅಪಾರ್ಟ್‌ಮೆಂಟಿನ ಎರಡನೇ ಮಹಡಿಗೆ ಒಂದು ಕುಟುಂಬ ಬಂತು. ಹುಬ್ಬಳ್ಳಿ ಕಡೆಯವರಂತೆ, ಇಬ್ಬರು ಸಣ್ಣ ಮಕ್ಕಳು. ಸಾಮಾನು ಇಳಿಸಿ ಸುಸ್ತಾಗಿರುತ್ತಾರೆ ಎಂದು ಮನೆಯವಳು ನೀರುದೋಸೆ, ತೆಂಗಿನಕಾಯಿ ಬೆಲ್ಲ ಹಾಕಿ ಒಂದು ಡಬ್ಬ ಕಟ್ಟಿದಳು. ಕಿರಿಯವಳನ್ನು ಕರೆದುಕೊಂಡು ಹೋಗಿ ಬೆಲ್ ಒತ್ತಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಳಗಿನಿಂದ, "ಯಾರ್ರೀ?"

ನನ್ನ ಮಗಳು ಜೋರಾಗಿ ಹೇಳಿದಳಂತೆ, "ಪಕ್ಕದ ಮನೆಯವರು!"

ಬಾಗಿಲು ಮೊದಲು ಅರ್ಧ ತೆರೆಯಿತು, ಆಮೇಲೆ ಪೂರ್ತಿ. ಮರುದಿನ ಡಬ್ಬ ಹಿಂದೆ ಬಂತು. ಒಳಗೆ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ.